ಎಣ್ಣೆ ಎಷ್ಟು ದಿನ ಬಂತು?

ನಮ್ಮ ಮನೆಯ ದಿನಸಿಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಯಾರಾದರೂ ಕೇಳಿದರೆ ಮೊಬೈಲ್ ತೆಗೆದು ಹೇಳಬಲ್ಲೆ. ಅದರಲ್ಲಿರುವ ಖರ್ಚಿನ ಆ್ಯಪ್ ಬ್ಯಾಂಕಿನ ಸಂದೇಶಗಳನ್ನು ಓದಿಕೊಂಡು, ಯಾವುದು ದಿನಸಿ, ಯಾವುದು ಪೆಟ್ರೋಲ್, ಯಾವುದು ಔಷಧ ಎಂದು ತಾನೇ ವಿಂಗಡಿಸಿ, ತಿಂಗಳ ಕೊನೆಗೆ ಬಣ್ಣದ ಚಕ್ರವೊಂದನ್ನು ಬರೆದು ತೋರಿಸುತ್ತದೆ. ಆ ಚಕ್ರದಲ್ಲಿ ದಿನಸಿಯ ಹಸಿರು ಹೋಳು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದೆ. ಏಕೆ ಎಂಬುದಕ್ಕೆ ಮಾತ್ರ ಅದರ ಬಳಿ ಉತ್ತರವಿಲ್ಲ. ಮನೆಯಲ್ಲಿ ಉಣ್ಣುವವರು ಮೊದಲಿದ್ದಷ್ಟೇ ಜನ: ಅತ್ತೆ, ನಾವಿಬ್ಬರು, ಕಾಲೇಜಿಗೆ ಹೋಗುವ ಮಗಳು, ಹೈಸ್ಕೂಲಿನ ಮಗ. ಬೆಳಿಗ್ಗೆ ಉಪ್ಪಿಟ್ಟೋ ದೋಸೆಯೋ ಅವಲಕ್ಕಿಯೋ, ಮಧ್ಯಾಹ್ನದ ಡಬ್ಬಿಗೆ ಅನ್ನ, ಸಾರು, ಪಲ್ಯ, ರಾತ್ರಿ ಮುದ್ದೆ ಇಲ್ಲವೇ ಚಪಾತಿ. ಊಟದ ಕ್ರಮ ಬದಲಾಗಿಲ್ಲ. ಹಾಗಿದ್ದರೆ ಹೆಚ್ಚಾದ ಹಣ ಹೋದದ್ದೆಲ್ಲಿಗೆ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಬೆಲೆ ಏರಿದೆ ಎಂಬುದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಉತ್ತರ. ಅದು ನಿಜವೂ ಹೌದು. ಆದರೆ ಎಲ್ಲವನ್ನೂ ಬೆಲೆ ಏರಿಕೆಯ ತಲೆಗೆ ಕಟ್ಟಿಬಿಟ್ಟರೆ ಮುಂದೆ ಯೋಚಿಸುವುದಕ್ಕೆ ಏನೂ ಉಳಿಯುವುದಿಲ್ಲ. ತಿಂಗಳ ಒಂದು ಮೊತ್ತದೊಳಗೆ ಕನಿಷ್ಠ ಮೂರು ಸಂಗತಿಗಳು ಕಲಸಿಹೋಗಿರುತ್ತವೆ: ದರ ಎಷ್ಟು ಬದಲಾಯಿತು, ನಾವು ಬಳಸುವ ಪ್ರಮಾಣ ಎಷ್ಟು ಬದಲಾಯಿತು, ಕೊಳ್ಳುವ ಜಾಗ ಎಲ್ಲಿಂದ ಎಲ್ಲಿಗೆ ಸರಿಯಿತು. 'ದಿನಸಿ' ಎಂಬ ಒಂದೇ ಸಾಲು ಈ ಮೂರನ್ನೂ ನುಂಗಿ ಕುಳಿತಿರುತ್ತದೆ. ಇವನ್ನು ಬಿಡಿಸಿ ನೋಡದೆ 'ಮುಂದಿನ ತಿಂಗಳು ಎರಡು ಸಾವಿರ ಕಡಿಮೆ ಮಾಡೋಣ' ಎಂದು ತೀರ್ಮಾನಿಸುವ ಮನೆಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ತೀರ್ಮಾನ ಹತ್ತನೇ ತಾರೀಖಿನ ಹೊತ್ತಿಗೆ ಕರಗಿಹೋಗುತ್ತದೆ. ಯಾವುದನ್ನು ಎಷ್ಟು ಕಡಿಮೆ ಮಾಡಬೇಕು ಎಂಬುದು ಯಾರಿಗೂ ತಿಳಿದಿರುವುದಿಲ್ಲವಲ್ಲ.

ಪಾಕೆಟ್ಟಿನ ಲೆಕ್ಕ, ಲೀಟರಿನ ಲೆಕ್ಕ

ಹಾಲನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಮನೆಗಳಲ್ಲಿ ದಿನ ಶುರುವಾಗುವುದೇ ನಂದಿನಿಯ ಪಾಕೆಟ್ಟಿನಿಂದ. 2023ರ ಆಗಸ್ಟ್‌ನಲ್ಲಿ ನೀಲಿ ಪಾಕೆಟ್ಟಿನ ಹಾಲು ಲೀಟರಿಗೆ 39ರಿಂದ 42 ರೂಪಾಯಿಗೆ ಏರಿತು. 2024ರ ಜೂನ್ ಕೊನೆಯಲ್ಲಿ ಪಾಕೆಟ್ಟಿಗೆ 2 ರೂಪಾಯಿ ಹೆಚ್ಚಿಸಿ 44 ಮಾಡಿದರು, ಜೊತೆಗೆ 50 ಮಿಲಿಲೀಟರ್ ಹಾಲನ್ನೂ ಸೇರಿಸಿದರು. ಅಂದರೆ ಒಂದು ಪಾಕೆಟ್ಟಿನಲ್ಲಿ 1,050 ಮಿಲಿಲೀಟರ್. 2025ರ ಏಪ್ರಿಲ್ 1ರಿಂದ ಆ 50 ಮಿಲಿಲೀಟರನ್ನು ಹಿಂದಕ್ಕೆ ತೆಗೆದುಕೊಂಡು, ಲೀಟರಿನ ಪಾಕೆಟ್ಟಿಗೆ 46 ಎಂದು ಗೊತ್ತುಮಾಡಿದರು. ರೂಪಾಯಿ ಮಾತ್ರ ಬರೆದಿಟ್ಟವರ ಪುಸ್ತಕದಲ್ಲಿ 44 ಹೋಗಿ 46 ಬಂದಿರುತ್ತದೆ, ಎರಡೇ ರೂಪಾಯಿ ಹೆಚ್ಚಳ. ಪ್ರಮಾಣವನ್ನೂ ಬರೆದವರಿಗೆ ಲೀಟರಿಗೆ 4 ರೂಪಾಯಿ ಏರಿರುವುದು ಕಾಣುತ್ತದೆ. ಇದನ್ನು ಯಾರೂ ಮುಚ್ಚಿಟ್ಟಿರಲಿಲ್ಲ, ಪತ್ರಿಕೆಗಳಲ್ಲೆಲ್ಲ ಬಂದಿತ್ತು, ಹೆಚ್ಚಳದಲ್ಲಿ ಹಾಲು ಉತ್ಪಾದಕರಿಗೆ ಪಾಲಿದೆ ಎಂಬುದೂ ತಿಳಿದಿತ್ತು. ನನ್ನ ತಕರಾರು ದರದ ಮೇಲಲ್ಲ. ಅದೇ ಸಂಖ್ಯೆಯಲ್ಲಿ ಪಾಕೆಟ್ ತರಿಸುತ್ತಿದ್ದ ಮನೆಯಲ್ಲಿ ಸಂಜೆಯ ಕಾಫಿಗೆ ಹಾಲು ಸ್ವಲ್ಪ ಸಾಲದಂತಾಗಿ, ಒಂದು ಅರ್ಧ ಲೀಟರ್ ಹೆಚ್ಚುವರಿಯಾಗಿ ಬರಲು ಶುರುವಾಯಿತು. ಅದು ದರದ ಏರಿಕೆಯೇ, ಬಳಕೆಯ ಏರಿಕೆಯೇ? ಆ್ಯಪ್‌ನ ಚಕ್ರಕ್ಕೆ ಎರಡೂ ಒಂದೇ.

ಅಡುಗೆ ಎಣ್ಣೆಯಲ್ಲಿ ಇದು ಇನ್ನೂ ಸೂಕ್ಷ್ಮ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ಎಂದರೆ 910 ಗ್ರಾಂ. ಈಗ ಅಂಗಡಿಯ ಅದೇ ಸಾಲಿನಲ್ಲಿ, ಅದೇ ಗಾತ್ರದಂತೆ ಕಾಣುವ 850 ಗ್ರಾಂ ಪೊಟ್ಟಣವೂ ಇರುತ್ತದೆ, ಬೆಲೆ ನಾಲ್ಕೈದು ರೂಪಾಯಿ ಕಡಿಮೆ. ಕೈ ಅದರ ಕಡೆಗೇ ಹೋಗುತ್ತದೆ. ಪೊಟ್ಟಣದ ಮೇಲೆ ಗ್ರಾಂ ಅಥವಾ ಮಿಲಿಲೀಟರ್ ಲೆಕ್ಕದ ದರವನ್ನೂ ಮುದ್ರಿಸಬೇಕು ಎಂಬ ನಿಯಮವಿದೆ. ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಆ ಅಂಕಿಯನ್ನು ಓದುವ ಅಭ್ಯಾಸ ಮಾಡಿಕೊಂಡರೆ ಕೊಳ್ಳುವ ರೀತಿಯೇ ಬದಲಾಗುತ್ತದೆ. ನನ್ನ ಮಗನಿಗೆ ಗಣಿತದ ಅನುಪಾತ ಅರ್ಥವಾದದ್ದು ಆ ಅಂಕಿಗಳಿಂದ. ಈಗ ಸೋಪು, ಶಾಂಪೂಗಳನ್ನು ಅವನೇ ಹೋಲಿಸಿ ನೋಡಿ ಆರಿಸುತ್ತಾನೆ.

ಅಮ್ಮನ ಕ್ಯಾಲೆಂಡರ್

ಪ್ರಮಾಣದ ಲೆಕ್ಕವನ್ನು ನಾನು ಮೊದಲು ಕಂಡದ್ದು ರಾಜಾಜಿನಗರದ ನಮ್ಮ ಹಳೆಯ ಮನೆಯಲ್ಲಿ, ತೊಂಬತ್ತರ ದಶಕದಲ್ಲಿ. ಅಪ್ಪ ಕಾರ್ಖಾನೆಯ ಕೆಲಸಗಾರರು. ಸಂಬಳ ಬಂದ ದಿನ ರಾತ್ರಿ ಊಟವಾದ ಮೇಲೆ ತಿಂಗಳ ಸಾಮಾನಿನ ಚೀಟಿ ಬರೆಯುವ ಕೆಲಸ. ಅಪ್ಪ ಚಾಪೆಯ ಮೇಲೆ ಕುಳಿತು ಬರೆಯುತ್ತಿದ್ದರು, ಅಮ್ಮ ಅಡುಗೆಮನೆಯಲ್ಲಿ ನಿಂತು ಒಂದೊಂದೇ ಡಬ್ಬಿಯ ಮುಚ್ಚಳ ತೆಗೆದು ನೋಡಿ ಹೇಳುತ್ತಿದ್ದರು. ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ, ಹೆಸರುಬೇಳೆ, ಸಕ್ಕರೆ, ಬೆಲ್ಲ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ಧನಿಯ, ರವೆ, ಅವಲಕ್ಕಿ. ಈ ಕ್ರಮ ಎಂದೂ ತಪ್ಪುತ್ತಿರಲಿಲ್ಲ. ಪ್ರಮಾಣ ಹೇಳುವ ಮೊದಲು ಅಮ್ಮ ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಹಿಂದಿನ ತಿಂಗಳ ಹಾಳೆಯನ್ನು ಮಗುಚಿ ನೋಡುತ್ತಿದ್ದರು. ರಾಹುಕಾಲ, ಏಕಾದಶಿ, ಸಂಕಷ್ಟಿಗಳ ನಡುವೆ ಪೆನ್ಸಿಲಿನಲ್ಲಿ ಅವರದೇ ಬರವಣಿಗೆ ಇರುತ್ತಿತ್ತು. 'ಎಣ್ಣೆ ತೆರೆದದ್ದು', 'ಗ್ಯಾಸ್', 'ಸಕ್ಕರೆ ಮುಗಿಯಿತು', 'ಹಾಲು ಬೇಡ ಅಂದದ್ದು', 'ನಾದಿನಿ ಮಕ್ಕಳು ಬಂದರು'. ಒಂದು ಕಡೆಯೂ ರೂಪಾಯಿ ಇರುತ್ತಿರಲಿಲ್ಲ.

ಒಂದು ವರ್ಷ ಕಾರ್ಖಾನೆಯಲ್ಲಿ ಬೋನಸ್ ನಿಂತು, ಓವರ್‌ಟೈಮ್ ಕೂಡ ನಿಂತುಹೋಯಿತು. ಆ ರಾತ್ರಿಯ ಚೀಟಿ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಮೆತ್ತಗೆ, "ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇಳಿಸಿಬಿಡೋಣವೇ?" ಎಂದು ಕೇಳಿದರು. ಅಮ್ಮ ಕೂಡಲೇ ಉತ್ತರಿಸಲಿಲ್ಲ. ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮುಂದಕ್ಕೆ ತಿರುವಿ ನೋಡಿ, "ಬೇಳೆ ಮುಟ್ಟಬೇಡಿ, ಮಕ್ಕಳು ಬೆಳೆಯುವವರು. ಎಣ್ಣೆ ಹೋದ ತಿಂಗಳು ಬೇಗ ಮುಗಿದದ್ದು ಗೌರಿ ಹಬ್ಬಕ್ಕೆ ಕರಿದದ್ದರಿಂದ. ಈ ತಿಂಗಳು ಕರಿಯುವುದು ಇಲ್ಲ, ಒಂದು ಕೆ.ಜಿ. ಕಡಿಮೆ ಬರೆಯಿರಿ. ಸಕ್ಕರೆ ಅರ್ಧ ಇಳಿಸಿ, ಸಂಜೆಯ ಕಾಫಿ ನನಗೆ ಬೇಡ. ರವೆ ಬೇಡವೇ ಬೇಡ, ಅಕ್ಕಿ ತರಿ ಮಾಡಿಕೊಳ್ಳುತ್ತೇನೆ" ಎಂದರು. ಅಪ್ಪ ಹೇಳಿದಂತೆ ಎಲ್ಲದರಲ್ಲೂ ಇಳಿಸಿದ್ದರೆ ಬೇಳೆಯೂ ಇಳಿಯುತ್ತಿತ್ತು, ತಿಂಗಳ ಕೊನೆಗೆ ಸಾರು ನೀರಾಗುತ್ತಿತ್ತು. ಅಮ್ಮನ ಕೈಯಲ್ಲಿ ಯಾವ ವಸ್ತು ಎಷ್ಟು ದಿನ ಬರುತ್ತದೆ, ಏಕೆ ಬೇಗ ಮುಗಿಯಿತು ಎಂಬ ದಾಖಲೆ ಇದ್ದುದರಿಂದ ಅವರು ಆರಿಸಿ ಕತ್ತರಿಸಿದರು. (ಸಂಜೆಯ ಕಾಫಿಯನ್ನು ಅವರು ಬಿಟ್ಟದ್ದು ಸರಿಯೇ ಎಂದು ಇಂದು ಕೇಳಿದರೆ ನಾನು ಸರಿ ಎನ್ನಲಾರೆ. ಮನೆಯಲ್ಲಿ ಮೊದಲು ಕಡಿತವಾಗುವುದು ಅಡುಗೆ ಮಾಡುವವಳ ಪಾಲು ಎಂಬ ಪದ್ಧತಿ ನನಗೆ ಎಂದಿಗೂ ಒಪ್ಪಿಗೆಯಾಗಿಲ್ಲ.)

ಮಾರನೆಯ ದಿನ ಚೀಟಿ ಶೆಟ್ಟರ ಅಂಗಡಿಗೆ ಹೋಗುತ್ತಿತ್ತು. ಅವರು ಅದನ್ನು ಓದಿ ಗಟ್ಟಿಯಾಗಿ ಕೂಗುತ್ತಿದ್ದರು, ಒಳಗಿನ ಹುಡುಗ ತೂಗಿ ಕಾಗದದಲ್ಲಿ ಕಟ್ಟಿ ದಾರ ಸುತ್ತುತ್ತಿದ್ದ. ಚೀಟಿಯಲ್ಲಿ ಏನಾದರೂ ಕಡಿಮೆಯಾಗಿದ್ದರೆ ಶೆಟ್ಟರಿಗೆ ಮೊದಲು ಗೊತ್ತಾಗುತ್ತಿತ್ತು. ಆ ಸಲ ಅವರು ಏನನ್ನೂ ಕೇಳದೆ, "ಹಣ ನಿಧಾನಕ್ಕೆ ಕೊಡಿ" ಎಂದಷ್ಟೇ ಹೇಳಿ ಸಾಲದ ಪುಸ್ತಕದಲ್ಲಿ ಬರೆದುಕೊಂಡರು. ನಮ್ಮ ಮನೆಯ ಬಳಕೆ ಅವರಿಗೂ ಬಾಯಿಪಾಠವಾಗಿತ್ತು.

ನಾಲ್ಕು ಮೊಬೈಲುಗಳ ಮನೆ

ಈಗ ವಿಜಯನಗರದ ನಮ್ಮ ಮನೆಯಲ್ಲಿ ಚೀಟಿ ಇನ್ನೂ ಇದೆ. ತಿಂಗಳ ಮೊದಲ ವಾರ ಹತ್ತಿರದ ಅಂಗಡಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತೇನೆ, ಸಂಜೆಯೊಳಗೆ ಮನೆಗೆ ಬರುತ್ತದೆ. ಹಳೆಯ ಚೀಟಿಗಳು ಮೊಬೈಲಿನಲ್ಲೇ ಉಳಿದಿರುವುದರಿಂದ ಒಂದು ಭಾನುವಾರ ಅವನ್ನು ಮಗಳ ಜೊತೆ ಕುಳಿತು ಹೋಲಿಸಿದೆ. ನಮ್ಮಿಬ್ಬರಿಗೂ ಆಶ್ಚರ್ಯವಾಯಿತು. ಹಲವು ವರ್ಷಗಳಲ್ಲಿ ಚೀಟಿಯ ಪ್ರಮಾಣ ಬಹುತೇಕ ಹಾಗೆಯೇ ಇತ್ತು. ಅಕ್ಕಿ ಕಡಿಮೆಯಾಗಿತ್ತು, ಬೇಳೆ ಅಷ್ಟೇ ಇತ್ತು. ಮೊತ್ತ ಏರಿದ್ದು ದರ ಏರಿದ ಮಟ್ಟಿಗೆ ಮಾತ್ರ. ಉಳಿದ ಹೆಚ್ಚಳ ಚೀಟಿಯ ಹೊರಗಿತ್ತು.

ಹೊರಗೆ ಎಂದರೆ ನಾಲ್ಕು ಮೊಬೈಲುಗಳಲ್ಲಿ. ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುವ ಸಾಮಾನು. ಮಗಳು ನೂಡಲ್ಸ್ ತರಿಸಿದರೆ, ಮಗ ಐಸ್‌ಕ್ರೀಮ್, ಅವರ ಅಪ್ಪ ಕೊತ್ತಂಬರಿ ಸೊಪ್ಪು ಮತ್ತು ಮೊಸರು, ನಾನು ಬ್ರೆಡ್. ಒಬ್ಬೊಬ್ಬರದು ನೂರೈವತ್ತು, ಇನ್ನೂರು ರೂಪಾಯಿ. ಯಾರಿಗೂ ಅದು ದಿನಸಿ ಎಂದು ಅನ್ನಿಸಿರಲೇ ಇಲ್ಲ, 'ಸುಮ್ಮನೆ ಏನೋ ತರಿಸಿದ್ದು' ಅಷ್ಟೆ. ಇಂತಿಷ್ಟು ಮೊತ್ತ ದಾಟಿದರೆ ವಿತರಣಾ ಶುಲ್ಕವಿಲ್ಲ ಎಂಬ ನಿಯಮಕ್ಕಾಗಿ ಕೊತ್ತಂಬರಿಯ ಜೊತೆ ಒಂದು ಚಿಪ್ಸ್, ಒಂದು ಬಿಸ್ಕತ್ತು ಸೇರುತ್ತದೆ. ಆ ಶುಲ್ಕ ಇಲ್ಲದಿದ್ದರೂ ನಿರ್ವಹಣಾ ಶುಲ್ಕ ಎಂದು ಮತ್ತೊಂದು ಸಾಲು ಇರುತ್ತದೆ. ಎಲ್ಲರ ಮೊಬೈಲುಗಳನ್ನೂ ಊಟದ ಮೇಜಿನ ಮೇಲೆ ಇಟ್ಟು ಕೂಡಿಸಿದಾಗ, ಆ ಸಣ್ಣ ಸಣ್ಣ ಮೊತ್ತಗಳು ಚೀಟಿಯ ಮೊತ್ತದ ಅರ್ಧಕ್ಕೆ ಹತ್ತಿರವಾಗಿದ್ದವು. ನಾಲ್ವರೂ ಒಂದೇ ವಾರದಲ್ಲಿ ಬೇರೆ ಬೇರೆಯಾಗಿ ಮೊಸರು ತರಿಸಿದ್ದೂ ಕಂಡಿತು. ಮನೆಯಲ್ಲಿ ಅತ್ತೆ ದಿನವೂ ಹೆಪ್ಪು ಹಾಕುತ್ತಾರೆ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ನಗರದ ಕುಟುಂಬದ ತಲಾ ವೆಚ್ಚದಲ್ಲಿ ಆಹಾರದ ಪಾಲು ಶೇಕಡಾ 39.68, ಹಳ್ಳಿಯಲ್ಲಿ ಶೇಕಡಾ 47.04. ನಗರದಲ್ಲಿ ಆ ಆಹಾರದೊಳಗೆ ಎಲ್ಲಕ್ಕಿಂತ ದೊಡ್ಡ ಬಾಬತ್ತು ಪಾನೀಯ, ತಿಂಡಿ ಮತ್ತು ಸಂಸ್ಕರಿಸಿದ ಆಹಾರ. ಅದು ಒಟ್ಟು ವೆಚ್ಚದ ಸುಮಾರು ಶೇಕಡಾ 11. ಅಕ್ಕಿ, ಗೋಧಿ, ರಾಗಿ ಮೊದಲಾದ ಧಾನ್ಯಗಳೆಲ್ಲ ಸೇರಿ ಶೇಕಡಾ 4ರ ಆಸುಪಾಸು. ಜನ ಸ್ಥಿತಿವಂತರಾದಂತೆ ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆ ಎಂದು ಜರ್ಮನಿಯ ಅಂಕಿಅಂಶ ತಜ್ಞ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಹೇಳಿದ್ದ. ಆ ಪಾಲು ಏರಲಿ ಇಳಿಯಲಿ, ಅದರ ಒಳಗಿನ ಹಂಚಿಕೆ ಹೇಗೆ ತಿರುವುಮುರುವಾಗುತ್ತದೆ ಎಂಬುದನ್ನು ನಮ್ಮ ಊಟದ ಮೇಜಿನ ಮೇಲೆ ನೋಡಿದಂತಾಯಿತು. ಸೋನಾ ಮಸೂರಿಯ ಬೆಲೆಯ ಬಗ್ಗೆ ಇಡೀ ಮನೆ ಚರ್ಚಿಸುತ್ತದೆ, ಅದಕ್ಕಿಂತ ಹೆಚ್ಚಿನ ಹಣ ಹೋಗುವ ಕಡೆ ಯಾರೂ ನೋಡುವುದಿಲ್ಲ.

ಹಾಗೆಂದು ಆ ಸೇವೆಯೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಮಳೆ ಬಂದು ಚೋಳರಪಾಳ್ಯದ ಕಡೆಯ ರಸ್ತೆ ಹೊಳೆಯಾದ ಸಂಜೆ, ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾಗ ಅವರಿಗೆ ಬೇಕಾದ ಬ್ರೆಡ್ಡು, ಹಾಲು ಬಾಗಿಲಿಗೇ ಬಂದಿದೆ. ಅದರ ಬೆಲೆ ನನಗೆ ಗೊತ್ತು, ಮಳೆಯಲ್ಲಿ ಅದನ್ನು ತಂದುಕೊಟ್ಟ ಹುಡುಗನ ಕಷ್ಟವೂ ಗೊತ್ತು. ಅಗತ್ಯಕ್ಕೆ ತರಿಸಿದ್ದು ಯಾವುದು, ಕೈಯಲ್ಲಿ ಮೊಬೈಲ್ ಇದೆ ಎಂದು ತರಿಸಿದ್ದು ಯಾವುದು ಎಂದು ಬೇರೆ ಮಾಡಿ ನೋಡಬೇಕು ಎಂಬುದಷ್ಟೇ ನನ್ನ ಮಾತು.

ಇದರ ನಡುವೆ 2025ರ ಜುಲೈ ಬಂತು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ನಗರದ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳು ಕ್ಯೂಆರ್ ಹಾಳೆಯನ್ನು ಕಿತ್ತು 'ನಗದು ಮಾತ್ರ' ಎಂದು ಬರೆದು ಹಾಕಿದವು. ಆ ತಿಂಗಳು ನನ್ನ ಆ್ಯಪ್‌ನ ದಿನಸಿಯ ಹೋಳು ಸಣ್ಣದಾಯಿತು. ಮನೆಗೆ ಬಂದ ಸೊಪ್ಪು, ತರಕಾರಿ, ಹಾಲು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಎಟಿಎಂನಿಂದ ತೆಗೆದ ಹಣ 'ಇತರೆ' ಎಂಬ ಬೂದು ಹೋಳಿಗೆ ಹೋಗಿ ಸೇರಿತ್ತು. ಹಣ ಹೋದ ದಾರಿಯನ್ನು ಲೆಕ್ಕ ಹಾಕುವ ಯಂತ್ರಕ್ಕೆ ದಾರಿ ಬದಲಾದರೆ ಲೆಕ್ಕವೇ ಬದಲಾಗುತ್ತದೆ. ಅಮ್ಮನ ಕ್ಯಾಲೆಂಡರ್ ಆಗಿದ್ದರೆ ಅದಕ್ಕೆ ನಗದೂ ಒಂದೇ, ಯುಪಿಐಯೂ ಒಂದೇ.

ಊರಿನಿಂದ ಬಂದದ್ದಕ್ಕೆ ಬೆಲೆ ಎಷ್ಟು?

ಅಲ್ಲಿಂದ ಮುಂದೆ ನಾವು ಪುಸ್ತಕ ಇಟ್ಟೆವು. ಸಾಮಾನು, ಪ್ರಮಾಣ, ತೆರೆದ ದಿನ, ಮುಗಿದ ದಿನ, ಕೊನೆಯಲ್ಲಿ ದರ. ಬರೆಯುವ ಕೆಲಸ ಮಗಳದು. ಮೊದಲ ವಾರವೇ ಒಂದು ಜಗಳ ಹುಟ್ಟಿತು, ಮತ್ತು ಈ ಇಡೀ ಪ್ರಯತ್ನದಲ್ಲಿ ನನಗೆ ಹೆಚ್ಚು ಕಲಿಸಿದ್ದು ಆ ಜಗಳ.

ಅತ್ತೆಯ ಊರು ಅರಸೀಕೆರೆಯ ಕಡೆ. ಅಲ್ಲಿ ಮೈದುನ ತೋಟ ನೋಡಿಕೊಳ್ಳುತ್ತಾರೆ. ವರ್ಷವಿಡೀ ನಮಗೆ ತೆಂಗಿನಕಾಯಿ, ರಾಗಿ, ಹುರುಳಿ, ಸ್ವಲ್ಪ ಅವರೆಬೇಳೆ ಬರುತ್ತದೆ. ಬೆಂಗಳೂರಿನಲ್ಲಿ ಇಂಥ ಮನೆಗಳು ಸಾವಿರಾರು. ಮೆಜೆಸ್ಟಿಕ್‌ನಲ್ಲಿ ಬಸ್ಸಿನಿಂದ ಇಳಿಯುವ ಚೀಲಗಳನ್ನು ನೋಡಿದರೆ ಈ ನಗರದ ಅಡುಗೆಮನೆಗಳನ್ನು ಎಷ್ಟು ಹಳ್ಳಿಗಳು ಸಾಕುತ್ತಿವೆ ಎಂಬುದು ತಿಳಿಯುತ್ತದೆ. ಮಗಳು ಪುಸ್ತಕದಲ್ಲಿ 'ತೆಂಗಿನಕಾಯಿ' ಎಂದು ಬರೆದು ದರದ ಕಾಲಂನಲ್ಲಿ ಸೊನ್ನೆ ಹಾಕಿದಳು. ಅತ್ತೆ ಕನ್ನಡಕ ಹಾಕಿಕೊಂಡು ಓದುತ್ತಾ ಬಂದವರು ಅಲ್ಲಿಗೆ ನಿಂತರು.

"ಇದೇನು, ಸೊನ್ನೆ ಹಾಕಿದ್ದೀಯ?"

"ದುಡ್ಡು ಕೊಟ್ಟಿಲ್ಲವಲ್ಲ ಅಜ್ಜಿ."

"ದುಡ್ಡು ಕೊಡದೆ ಬಂದದ್ದೆಲ್ಲ ಸೊನ್ನೆಯೇ? ಆ ಸಸಿಗಳಿಗೆ ನಿಮ್ಮ ತಾತ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದ್ದು, ನಿಮ್ಮ ಚಿಕ್ಕಪ್ಪ ಈಗ ಆಳು ಸಿಗದೆ ಒದ್ದಾಡುತ್ತಿರುವುದು, ಎಲ್ಲ ಸೊನ್ನೆಯೇ?"

ಮಗಳು ನನ್ನ ಮುಖ ನೋಡಿದಳು. ನನ್ನ ಗಂಡ, "ಹೋಗಲಿ ಬಿಡಮ್ಮ, ಬಸ್ ಚಾರ್ಜು ಬರೆದರಾಯಿತು" ಎಂದರು. ಅತ್ತೆಗೆ ಇನ್ನೂ ಸಿಟ್ಟು ಬಂತು. "ನಿನ್ನ ತಮ್ಮ ಆ ಕಾಯಿಯನ್ನು ಮಾರಿದ್ದರೆ ಎಷ್ಟು ಬರುತ್ತಿತ್ತು ಎಂದು ಕೇಳಿದ್ದೀಯ?" ಎಂದರು. ಯಾರೂ ಮಾತನಾಡಲಿಲ್ಲ. ನಿಜಕ್ಕೂ ನಾವು ಯಾರೂ ಕೇಳಿರಲಿಲ್ಲ.

ಅದು 2025. ಬೆಂಗಳೂರಿನಲ್ಲಿ ಒಂದು ತೆಂಗಿನಕಾಯಿಗೆ 60 ರೂಪಾಯಿ ದಾಟಿದ ವರ್ಷ. 2023ರ ಬರದ ಪೆಟ್ಟು ತೋಟಗಳಲ್ಲಿ ತಡವಾಗಿ ಕಾಣಿಸಿಕೊಂಡಿತ್ತು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯುವುದಕ್ಕೇ ಸುಮಾರು ಒಂದು ವರ್ಷ ಬೇಕು. ಆದ್ದರಿಂದ ತೆಂಗಿನಲ್ಲಿ ಇಂದಿನ ಫಸಲು ಹಿಂದಿನ ಮಳೆಗಾಲಗಳ ಲೆಕ್ಕವನ್ನು ತೀರಿಸುತ್ತಿರುತ್ತದೆ. ಅದರ ಮೇಲೆ ಕೀಟಬಾಧೆ. ಇಳುವರಿ ಇಳಿದ ವರ್ಷದಲ್ಲೂ ಮೈದುನ ನಮ್ಮ ಚೀಲವನ್ನು ಇಳಿಸಿರಲಿಲ್ಲ. ನಮಗೆ ಆ ಕಾಯಿ ಎಂದಿನ ಕಾಯಿ, ಅವರಿಗೆ ಅದು ಎಂದಿಗಿಂತ ದುಬಾರಿಯಾದ ಉಡುಗೊರೆ. ನಮ್ಮ ಸೊನ್ನೆ ಅವರು ಬಿಟ್ಟುಕೊಟ್ಟ ಹಣವನ್ನು ಕಣ್ಣಿಗೆ ಕಾಣದಂತೆ ಮಾಡಿತ್ತು.

ಸರ್ಕಾರದ ಬಳಕೆ ಸಮೀಕ್ಷೆಯವರೂ ಮನೆಯಲ್ಲೇ ಬೆಳೆದು ಉಂಡದ್ದನ್ನು ಸೊನ್ನೆ ಎಂದು ಬರೆಯುವುದಿಲ್ಲ. ಹೊಲದ ಬಳಿ ಅದಕ್ಕೆ ಸಿಗಬಹುದಾಗಿದ್ದ ದರವನ್ನು ಹಾಕಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ನಾವೂ ಅದೇ ದಾರಿ ಹಿಡಿದೆವು. ತೆಂಗಿನಕಾಯಿಗೆ ಅರಸೀಕೆರೆಯಲ್ಲಿ ಆ ವಾರ ಮೈದುನನಿಗೆ ಸಿಗುತ್ತಿದ್ದ ದರ. ರಾಗಿಗೆ ಬೆಂಬಲ ಬೆಲೆ, 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 49ರ ಹತ್ತಿರ. ಹೀಗೆ ಬರೆದಾಗ ನಮ್ಮ ದಿನಸಿಯ ಮೊತ್ತ ಒಮ್ಮೆಲೇ ಏರಿತು. ಕಾಗದದ ಮೇಲೆ ಏರಿದ ಆ ಹಣ ನಮ್ಮ ಜೇಬಿನಿಂದ ಹೋಗಿದ್ದಲ್ಲ, ನಿಜ. ಆದರೆ ಅದನ್ನು ನೋಡಿದ ಮೇಲೆ ನನ್ನ ಗಂಡ ತಮ್ಮನಿಗೆ ಫೋನ್ ಮಾಡಿ, ಕಾಯಿ ಕೀಳಿಸುವ ಮತ್ತು ಸುಲಿಸುವ ಕೂಲಿಯಲ್ಲಿ ನಮ್ಮ ಪಾಲು ಇನ್ನು ಮುಂದೆ ನಾವೇ ಕೊಡುತ್ತೇವೆ ಎಂದರು. ಮೈದುನ ಮೊದಲು ಬೇಡವೆಂದರು. ಅತ್ತೆ ಫೋನ್ ಕಿತ್ತುಕೊಂಡು, "ಕೊಡಲಿ ಬಿಡಪ್ಪ, ಕೊಡುವುದು ನ್ಯಾಯ" ಎಂದ ಮೇಲೆ ಒಪ್ಪಿದರು. ಲೆಕ್ಕದ ಪುಸ್ತಕದಿಂದ ಖರ್ಚು ಕಡಿಮೆಯಾಗಬೇಕು ಎಂದೇ ಎಲ್ಲರೂ ತಿಳಿಯುತ್ತಾರೆ. ನಮ್ಮ ಪುಸ್ತಕದಿಂದ ಮೊದಲು ಆದದ್ದು ಒಂದು ಹೊಸ ಖರ್ಚು, ಮತ್ತು ಅದರ ಬಗ್ಗೆ ನನಗೆ ತುಂಬಾ ಸಮಾಧಾನವಿದೆ.

ಲೆಕ್ಕ ಕೇಳುವವರು ಯಾರು

ಲೆಕ್ಕದ ಪುಸ್ತಕದ ಬಗ್ಗೆ ನನಗೆ ಒಂದು ಭಯವೂ ಇದೆ. ಚಾಮರಾಜಪೇಟೆಯಲ್ಲಿದ್ದ ನನ್ನ ಚಿಕ್ಕಮ್ಮನ ಮನೆಯಲ್ಲಿ ದಿನವೂ ರಾತ್ರಿ ಲೆಕ್ಕ ಒಪ್ಪಿಸಬೇಕಿತ್ತು. ಚಿಕ್ಕಪ್ಪ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದರು, ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತು ಹೇಳುತ್ತಿದ್ದರು. ಸೊಪ್ಪು ಎಷ್ಟು, ಹೂವು ಎಷ್ಟು, ನಿಂಬೆಹಣ್ಣು ಎಷ್ಟು. ಒಪ್ಪಿಗೆಯಾದರೆ ಮಾರನೆಯ ದಿನದ ಹಣ. ಅವರು ಸೊಪ್ಪಿನ ಕಟ್ಟಿಗೆ ನಾಲ್ಕಾಣೆ, ಎಂಟಾಣೆ ಹೆಚ್ಚಿಗೆ ಹೇಳಿ ಉಳಿಸಿದ ಹಣದಿಂದಲೇ ಮಗಳ ಟೈಪಿಂಗ್ ಪರೀಕ್ಷೆಯ ಶುಲ್ಕ ಕಟ್ಟಿದ್ದು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಹಾಗಾಗಿ ಆ ಪುಸ್ತಕದಲ್ಲಿ ಇದ್ದ ದರಗಳು ನಿಜವಾದ ದರಗಳಲ್ಲ. ಹೆದರಿಸಿ ಬರೆಸಿದ ಲೆಕ್ಕ ಮನೆಯನ್ನು ಎಂದಿಗೂ ಸರಿಯಾಗಿ ತೋರಿಸುವುದಿಲ್ಲ. ನಮ್ಮ ಕಚೇರಿಯಲ್ಲಿ ಸ್ವಚ್ಛತೆಯ ಕೆಲಸ ಮಾಡುವ ಅಕ್ಕ ಗೃಹಲಕ್ಷ್ಮಿಯ 2,000 ರೂಪಾಯಿ ಬರಲು ಶುರುವಾದಾಗ ಹೇಳಿದ ಮಾತು ಇದಕ್ಕೇ ಸೇರಿದ್ದು: "ಈ ದುಡ್ಡಿಗೆ ಯಾರಿಗೂ ಲೆಕ್ಕ ಹೇಳಬೇಕಾಗಿಲ್ಲ ಮೇಡಂ, ಅದೇ ದೊಡ್ಡದು." ಆ ಹಣದಲ್ಲಿ ಅವರು ಕೊಂಡದ್ದು ಬೇಳೆ ಮತ್ತು ಎಣ್ಣೆಯನ್ನೇ.

ಆದ್ದರಿಂದ ನಮ್ಮ ಮನೆಯಲ್ಲಿ ಎರಡು ನಿಯಮಗಳನ್ನು ಮಾಡಿಕೊಂಡೆವು. ಪುಸ್ತಕದಲ್ಲಿ ಎಲ್ಲರೂ ಬರೆಯಬೇಕು, ನನ್ನ ಗಂಡನ ಸಂಜೆಯ ಖಾರದ ಕಡಲೆಬೀಜವೂ ಅದರಲ್ಲಿ ಬರಬೇಕು. ಒಬ್ಬೊಬ್ಬರಿಗೂ ತಿಂಗಳಿಗೆ ಒಂದು ಸಣ್ಣ ಮೊತ್ತ ಅವರದೇ ಆಗಿ ಇರಬೇಕು, ಅದರ ಲೆಕ್ಕವನ್ನು ಯಾರೂ ಕೇಳಬಾರದು. ಅತ್ತೆ ತಮ್ಮ ಪಾಲಿನಿಂದ ಏನು ಕೊಳ್ಳುತ್ತಾರೆ ಎಂದು ನನಗೆ ಇಂದಿಗೂ ಗೊತ್ತಿಲ್ಲ, ತಿಳಿಯುವ ಅಗತ್ಯವೂ ಇಲ್ಲ.

ಈಗಿನ ಕ್ರಮ

ಎಲ್ಲವನ್ನೂ ಬರೆಯುವ ಉತ್ಸಾಹ ಬೇಗ ಬತ್ತುತ್ತದೆ. ಈಗ ಪುಸ್ತಕದಲ್ಲಿ ಉಳಿದಿರುವುದು ಬೆರಳೆಣಿಕೆಯ ವಸ್ತುಗಳು: ಎಣ್ಣೆ, ತುಪ್ಪ, ಸಕ್ಕರೆ, ಕಾಫಿಪುಡಿ, ತೊಗರಿಬೇಳೆ, ಹಾಲು, ತೆಂಗಿನಕಾಯಿ, ಗ್ಯಾಸ್. ಇವು ಎಷ್ಟು ದಿನ ಬಂದವು ಎಂದು ತಿಳಿದರೆ ಉಳಿದದ್ದನ್ನು ಊಹಿಸಬಹುದು. ಗ್ಯಾಸ್ ಬೇಗ ಮುಗಿದ ತಿಂಗಳಲ್ಲಿ ಬೇಳೆ ನೆನೆಸದೆ ಬೇಯಿಸಿದ್ದೂ, ಎರಡು ಹೊತ್ತು ಬೇರೆ ಬೇರೆ ಅಡುಗೆ ಆದದ್ದೂ ಗೊತ್ತಾಗುತ್ತದೆ. ಸಿಲಿಂಡರಿನ ದರ ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಲ್ಲಿ 805.50ರಿಂದ 855.50ಕ್ಕೆ ಹೋಯಿತು. ಆ 50 ರೂಪಾಯಿ ನಮ್ಮ ಕೈಯಲ್ಲಿಲ್ಲ, ಸಿಲಿಂಡರ್ ಇನ್ನೊಂದು ವಾರ ಹೆಚ್ಚು ಬರುವಂತೆ ನೋಡಿಕೊಳ್ಳುವುದು ಕೈಯಲ್ಲಿದೆ. ಎಣ್ಣೆಯಲ್ಲಿ ನಮಗೆ ಸ್ಪಷ್ಟವಾದ ಲಾಭ ಸಿಕ್ಕಿತು. ತೆರೆದ ದಿನ ಬರೆಯಲು ಶುರುಮಾಡಿದ ಮೇಲೆ ಒಗ್ಗರಣೆಗೆ ಸೌಟಿನಿಂದ ಸುರಿಯುವುದು ನಿಂತು ಚಮಚ ಬಂತು. ಯಾರೂ ಯಾರಿಗೂ ಹೇಳಲಿಲ್ಲ, ತಾನಾಗಿಯೇ ಬಂತು.

ಬಜೆಟ್ಟನ್ನು ನಾನು ಕಿಲೋ ಮತ್ತು ಲೀಟರಿನಲ್ಲಿ ಹಾಕುತ್ತೇನೆ. ರೂಪಾಯಿ ಅದರ ಹಿಂದೆ ಬರುತ್ತದೆ. ಒಟ್ಟು ಮೊತ್ತ ಕೈ ಮೀರುತ್ತದೆ ಎನ್ನಿಸಿದರೆ, ಆಗ ಪುಸ್ತಕ ತೆರೆದು ಯಾವುದನ್ನು ಇಳಿಸಬಹುದು ಎಂದು ಎಲ್ಲರೂ ಕೂತು ನೋಡುತ್ತೇವೆ. ತರಕಾರಿಗೆ ಮಾತ್ರ ಈ ಕ್ರಮ ಬೇರೆ. 2019ರ ಡಿಸೆಂಬರ್‌ನಲ್ಲಿ ಈರುಳ್ಳಿ ಇದೇ ನಗರದಲ್ಲಿ ಕಿಲೋಗೆ 200 ರೂಪಾಯಿ ಮುಟ್ಟಿತ್ತು, 2023ರ ಜುಲೈನಲ್ಲಿ ಟೊಮೆಟೊ 100 ದಾಟಿತ್ತು. ಕೋಲಾರದಂಥ ದೊಡ್ಡ ಟೊಮೆಟೊ ಮಾರುಕಟ್ಟೆ ಪಕ್ಕದಲ್ಲೇ ಇದ್ದರೂ ಹಾಗಾಯಿತು. ಅಂಥ ಏರಿಳಿತಕ್ಕೆ ಮೊದಲೇ ರೂಪಾಯಿಯ ಬೇಲಿ ಹಾಕಲಾಗದು. ದಿನಕ್ಕೆ ಇಷ್ಟು ತರಕಾರಿ ಮನೆಯಲ್ಲಿ ಆಗಲೇಬೇಕು ಎಂದು ಗೊತ್ತುಮಾಡಿಕೊಂಡು, ಯಾವ ತರಕಾರಿ ಎಂಬುದನ್ನು ಹಾಪ್‌ಕಾಮ್ಸ್ ಮಳಿಗೆಯ ದರದ ಫಲಕದ ಮುಂದೆ ನಿಂತು ನಿರ್ಧರಿಸುತ್ತೇನೆ. ಟೊಮೆಟೊ ದುಬಾರಿಯಾದರೆ ಹುಣಸೆಹಣ್ಣಿದೆ. ನಮ್ಮ ಅಜ್ಜಿಯರ ಸಾರು ಟೊಮೆಟೊ ನಂಬಿಕೊಂಡು ಹುಟ್ಟಿದ್ದಲ್ಲ.

ಅತಿಥಿಗಳಿಗೆ ಎಂದು ಅತ್ತೆ ಒಂದು ಕಾಲಂ ಸೇರಿಸಿದ್ದಾರೆ. ಯಾರು ಬಂದರು ಎಂದಷ್ಟೇ ಬರೆಯುತ್ತಾರೆ. ಬಂದವರು ಎಷ್ಟು ಉಂಡರು ಎಂದು ಬರೆಯುವ ಮನೆ ನಮ್ಮದಾಗಬಾರದು ಎಂಬುದು ಅವರ ಖಡಾಖಂಡಿತ ಮಾತು, ನನ್ನದೂ ಹೌದು. ಎಣ್ಣೆ, ಸಕ್ಕರೆ ಬೇಗ ಮುಗಿದದ್ದು ಏಕೆ ಎಂದು ತಿಳಿಯಲು ಹೆಸರು ಸಾಕು.

ಸದ್ಯಕ್ಕೆ ಚರ್ಚೆಯಲ್ಲಿರುವುದು ತುಪ್ಪ. ಜಿಎಸ್‌ಟಿ ಇಳಿದಾಗ, 2025ರ ಸೆಪ್ಟೆಂಬರ್ 22ರಿಂದ ನಂದಿನಿ ತುಪ್ಪ ಲೀಟರಿಗೆ 650ರಿಂದ 610ಕ್ಕೆ ಇಳಿದಿತ್ತು, ನವೆಂಬರ್‌ನಲ್ಲಿ 700 ಆಯಿತು. ನಮ್ಮ ಮನೆಯಲ್ಲಿ ಒಂದು ಲೀಟರ್ ತುಪ್ಪ ಒಂದೂವರೆ ತಿಂಗಳಿಗೂ ಹೆಚ್ಚು ಬರುತ್ತದೆ ಎಂದು ಪುಸ್ತಕ ಹೇಳುತ್ತದೆ. ಹಾಗೆ ನೋಡಿದರೆ ಈ ಏರಿಕೆ ತಿಂಗಳಿಗೆ 60 ರೂಪಾಯಿಯನ್ನೂ ಮುಟ್ಟುವುದಿಲ್ಲ, ಹೊರಗಿನಿಂದ ತರಿಸುವ ಒಂದು ಐಸ್‌ಕ್ರೀಮಿನ ಬೆಲೆ. ತುಪ್ಪ ಬಿಡೋಣವೇ ಎಂದು ಕೇಳಿದ ಮಗನಿಗೆ ಮಗಳು ಈ ಲೆಕ್ಕವನ್ನೇ ತೋರಿಸಿದಳು. ಡಿಸೆಂಬರ್ ಚೀಟಿಯಲ್ಲಿ ತುಪ್ಪ ಹಾಗೆಯೇ ಉಳಿದಿದೆ, ಐಸ್‌ಕ್ರೀಮ್ ತಿಂಗಳಿಗೆ ಎರಡು ಸಲಕ್ಕೆ ಇಳಿದಿದೆ. ಸೊಗಡಿನ ಅವರೆಕಾಯಿ ಬರುವ ಕಾಲ, ಅದಕ್ಕೆ ಮಿತಿ ಹಾಕುವುದಕ್ಕೆ ಅತ್ತೆ ಒಪ್ಪಿಲ್ಲ. ನಾನೂ ಒತ್ತಾಯಿಸಿಲ್ಲ.